ಹೆಸರು, ಸಹಿ, ಫೋಟೋ

ವರದಿಗೆ ಲಗತ್ತಿಸಲು ನನಗೊಂದು ಫೋಟೋ ಬೇಕಿತ್ತು. 2022ರ ಡಿಸೆಂಬರ್ ಮೊದಲ ವಾರ. ನವೆಂಬರ್ 25ರಿಂದ ಡಿಸೆಂಬರ್ 10ರವರೆಗೆ ಮಹಿಳೆಯರ ಮೇಲಿನ ಹಿಂಸೆಯ ವಿರುದ್ಧ ಹದಿನಾರು ದಿನಗಳ ಅಭಿಯಾನ ನಡೆಯುತ್ತದಲ್ಲ, ಅದರಲ್ಲಿ, ದೌರ್ಜನ್ಯಕ್ಕೊಳಗಾದ ಹೆಂಗಸರಿಗೆ ನೆರವಾಗುವ ನಮ್ಮ ಸಂಸ್ಥೆಯ ಕಡೆಯಿಂದ, ಪೊಲೀಸರನ್ನೂ ಊರಿನವರನ್ನೂ ಒಟ್ಟಿಗೆ ಕೂರಿಸಿ ಒಂದು ಸಭೆ ಮಾಡಿದ್ದೆವು. ಅನುದಾನ ಕೊಟ್ಟ ಕಂಪನಿಯ ನಮೂನೆಯಲ್ಲಿ 'ಫಲಾನುಭವಿಗಳ ಛಾಯಾಚಿತ್ರ, ಸ್ಥಳದ ಜಿಪಿಎಸ್ ಗುರುತಿನೊಂದಿಗೆ' ಅಂತ ಒಂದು ಕಲಂ ಇತ್ತು. ಎರಡನೇ ಸಾಲಿನಲ್ಲಿ ಕೂತಿದ್ದ ಮೂವರು ಹೆಂಗಸರು ನಮ್ಮಲ್ಲಿಗೆ ಆಪ್ತಸಮಾಲೋಚನೆಗೆ ಬರುತ್ತಿದ್ದವರು. ನಾನೇ ಮೊಬೈಲ್ ಎತ್ತಿ ಫೋಟೋ ತೆಗೆದೆ. ಕೆಳಗೆ ದಿನಾಂಕ, ಊರಿನ ಹೆಸರು, ಅಕ್ಷಾಂಶ ರೇಖಾಂಶ ಎಲ್ಲ ತಾನಾಗಿ ಮೂಡಿತು. ವರದಿಗೆ ಕಳಿಸಿ, ಅದನ್ನೇ ಸಭೆಯ ವಾಟ್ಸ್‌ಆ್ಯಪ್ ಗುಂಪಿಗೂ ಹಾಕಿದೆ.

ಫೋಟೋ ಹಾಕಿದ ಹನ್ನೊಂದನೇ ದಿನ ಬೆಳಿಗ್ಗೆ ಆ ಮೂವರಲ್ಲೊಬ್ಬಳ ಫೋನ್ ಬಂತು. ಗಂಡನ ಮನೆ ಬಿಟ್ಟು, ಮಗನನ್ನು ಕರೆದುಕೊಂಡು, ಬೇರೆ ಜಿಲ್ಲೆಯಿಂದ ಚಿಗವ್ವನ ಮನೆಗೆ ಬಂದು ನೆಲೆಸಿದ್ದವಳು. ಎಲ್ಲಿದ್ದಾಳೆಂಬುದು ಗಂಡನ ಕಡೆಯವರಿಗೆ ಗೊತ್ತಿರಲಿಲ್ಲ.

"ಅಕ್ಕಾರ, ನನ್ನ ಫೋಟೋ ಅವ್ನ ಮೊಬೈಲ್‌ನ್ಯಾಗ ಐತ್ರಿ. ಊರ ಹೆಸರೂ ಅದರಾಗ ಬರದೈತಿ. ಬಾಗಲದಾಗ ನಿಂತಾನ್ರಿ."

112ಕ್ಕೆ ಕರೆ ಮಾಡಿದೆ. ಆ ಊರಿನ ಗಸ್ತು ನೋಡಿಕೊಳ್ಳುವ ಬೀಟ್ ಕಾನ್‌ಸ್ಟೆಬಲ್‌ಗೂ ನೇರವಾಗಿ ಹೇಳಿದೆ. ಅವರು ಬೈಕ್ ಹತ್ತಿ ಮೊದಲು ತಲುಪಿದರು. ಅವನು ಕಲ್ಲೆತ್ತಿ ಬಾಗಿಲು ಒಡೆಯುತ್ತಿದ್ದ. ಅವಳಿಗೆ ಪೆಟ್ಟಾಗಲಿಲ್ಲ, ಬಾಗಿಲಿಗೆ ಅಡ್ಡ ನಿಂತ ಚಿಗವ್ವನ ಮುಂಗೈ ಮುರಿಯಿತು. ಅವತ್ತು ರಾತ್ರಿ ತಾಯಿ ಮಗನನ್ನು ಜಿಲ್ಲಾ ಕೇಂದ್ರದಲ್ಲಿ ದೌರ್ಜನ್ಯಕ್ಕೊಳಗಾದ ಹೆಂಗಸರಿಗೆಂದೇ ಇರುವ ಸರ್ಕಾರದ ಸಖಿ ಒನ್ ಸ್ಟಾಪ್ ಸೆಂಟರ್‌ಗೆ ಬಿಟ್ಟು ಬಂದೆವು. ಅಲ್ಲಿ ಇರಬಹುದಾದದ್ದು ಹೆಚ್ಚೆಂದರೆ 5 ದಿನ. ಆಮೇಲೆ ಮತ್ತೊಂದು ಊರು, ಮತ್ತೊಂದು ಆಶ್ರಯಮನೆ, ಮಗನಿಗೆ ಮತ್ತೊಂದು ಶಾಲೆ.

ಸಂಸ್ಥೆಯಲ್ಲಿ ಯಾರೂ ನನ್ನನ್ನು ಬೈಯಲಿಲ್ಲ. 'ನಮೂನೆಯಲ್ಲೇ ಕೇಳಿದ್ದರಲ್ಲ' ಎಂದರು. ನಮೂನೆ ಕೇಳಿದ್ದು ನಿಜ. ತೆಗೆದದ್ದು ನಾನು, ಹಂಚಿದ್ದು ನಾನು, ಆ ಮೂವರನ್ನು ಒಂದು ಮಾತು ಕೇಳದೇ ಇದ್ದದ್ದೂ ನಾನು. ಅನುದಾನದ ಕಡತ ನೋಡಿಕೊಳ್ಳುವವಳಾಗಿ ಆರು ವರ್ಷ ಕೆಲಸ ಮಾಡಿದ್ದೆ. ಹಣ ಸರಿಯಾಗಿ ಖರ್ಚಾಗಿದೆ ಎಂದು ತೋರಿಸುವುದೇ ನನ್ನ ಕೆಲಸ ಅಂದುಕೊಂಡಿದ್ದೆ. ತಾಲ್ಲೂಕಿನ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ, ಕಾರಣ ನಿಮಗೆ ಅರ್ಥವಾಗುತ್ತದೆ.

ಈ ಕ್ಷೇತ್ರದಲ್ಲಿ ಹಣ ಎಲ್ಲಿಂದ ಬರುತ್ತದೆ ಎಂಬುದನ್ನು ಸ್ವಲ್ಪ ಹೇಳಬೇಕು. ಕೇಂದ್ರ ಸರ್ಕಾರ 2013ರ ಬಜೆಟ್‌ನಲ್ಲಿ ಮಹಿಳೆಯರ ಸುರಕ್ಷತೆಗೆಂದು 1,000 ಕೋಟಿ ರೂಪಾಯಿಯೊಂದಿಗೆ ನಿರ್ಭಯಾ ನಿಧಿ ಘೋಷಿಸಿತು. 2015ರ ಏಪ್ರಿಲ್‌ನಲ್ಲಿ ಶುರುವಾದ ಸಖಿ ಕೇಂದ್ರಗಳು, ಠಾಣೆಗಳ ಮಹಿಳಾ ಸಹಾಯ ಕೇಂದ್ರಗಳು ಆ ನಿಧಿಯಿಂದ ಬಂದವು. ನಮ್ಮಂಥ ಸಣ್ಣ ಸಂಸ್ಥೆಗಳಿಗೆ ಹೆಚ್ಚಾಗಿ ಸಿಗುವುದು ಕಂಪನಿಗಳ ಸಿಎಸ್‌ಆರ್, ಅಂದರೆ ಸಾಮಾಜಿಕ ಹೊಣೆಗಾರಿಕೆಯ ಹಣ. ಸರ್ಕಾರದ ಹಣವಾದರೆ ವರ್ಷದ ಕೊನೆಗೆ ಯುಸಿ, ಅಂದರೆ ಹಣ ಬಳಕೆ ಪ್ರಮಾಣಪತ್ರ ಕೊಡಬೇಕು. ಕಂಪನಿಯದ್ದಾದರೆ ಮೂರು ತಿಂಗಳಿಗೊಮ್ಮೆ ವರದಿ. ಎರಡೂ ಕಡೆ ಕೇಳುವುದು ಒಂದನ್ನೇ: ಫಲಾನುಭವಿಯ ಹೆಸರು, ಸಹಿ, ಫೋಟೋ. ಹೊಲಿಗೆ ಯಂತ್ರ ಹಂಚುವ ಯೋಜನೆಗೂ ಇದೇ ನಮೂನೆ, ಗಂಡನಿಂದ ತಪ್ಪಿಸಿಕೊಂಡು ಬಂದವಳಿಗೂ ಇದೇ ನಮೂನೆ. ಲೆಕ್ಕ ಕೇಳುವುದು ತಪ್ಪಲ್ಲ. ಇಲ್ಲದ ಹೆಂಗಸರ ಹೆಸರಿನಲ್ಲಿ ಹಣ ನುಂಗಿದವರೂ ಇದ್ದಾರೆ, ಅದಕ್ಕೇ ಈ ಬಿಗಿ. ನನ್ನ ತಲೆ ತಿಂದ ಪ್ರಶ್ನೆ ಬೇರೆ: ಹಣ ನಿಜವಾದ ಒಬ್ಬ ಹೆಂಗಸಿಗೇ ಹೋಯಿತು ಎಂದು ತೋರಿಸಬೇಕು, ಅವಳು ಯಾರೆಂದು ತೋರಿಸಬಾರದು. ಹೇಗೆ?

ಅತ್ಯಾಚಾರಕ್ಕೆ ಒಳಗಾದವರ ಗುರುತು ಬಹಿರಂಗಪಡಿಸುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಂ ಪ್ರಕಾರ ಅಪರಾಧ. ಮೊದಲು ಐಪಿಸಿ 228-ಎ ಇತ್ತು. ಗಂಡನ ಹೊಡೆತ ತಿಂದವಳ ವಿಷಯದಲ್ಲಿ, 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ 16ನೇ ಕಲಂ ವಿಚಾರಣೆಯನ್ನು ಮುಚ್ಚಿದ ಬಾಗಿಲಿನ ಹಿಂದೆ ನಡೆಸಲು ಅವಕಾಶ ಕೊಡುತ್ತದೆ. ಅದು ಕೋರ್ಟಿನ ಮಾತು. ಸಂಸ್ಥೆಯ ವರದಿಯಲ್ಲಿ ಏನಿರಬಾರದು ಎಂಬುದನ್ನು ನಾವೇ ಕಟ್ಟಿಕೊಳ್ಳಬೇಕಿತ್ತು. ಅಮೆರಿಕದ ಕಾನೂನೊಂದರಿಂದ ನಮಗೆ ದಾರಿ ಸಿಕ್ಕಿತು. ಅಲ್ಲಿ 1994ರ ಮಹಿಳಾ ದೌರ್ಜನ್ಯ ತಡೆ ಕಾಯ್ದೆಯಡಿ ಅನುದಾನ ಪಡೆಯುವ ಸಂಸ್ಥೆ, ಕಾನೂನು ಅಥವಾ ಕೋರ್ಟಿನ ಆದೇಶ ಇದ್ದರೆ ಹೊರತು, ಸಂತ್ರಸ್ತೆಯ ಗುರುತನ್ನು ಅವಳ ಲಿಖಿತ ಒಪ್ಪಿಗೆಯಿಲ್ಲದೆ ಯಾರಿಗೂ ಕೊಡುವಂತಿಲ್ಲ. ಆ ಒಪ್ಪಿಗೆಗೂ ಕಾಲಮಿತಿ ಇರಬೇಕು. ಈ ಕಾಲಮಿತಿಯ ವಿಚಾರ ನನಗೆ ಹೊಳೆದೇ ಇರಲಿಲ್ಲ. ಇವತ್ತು 'ಹೂಂ' ಅಂದವಳಿಗೆ ನಾಳೆ ಭಯವಾಗಬಹುದಲ್ಲ.

ನಾವು ಮಾಡಿಕೊಂಡ ಏರ್ಪಾಡು ಇಷ್ಟು. ಬಂದ ಪ್ರತಿಯೊಬ್ಬರಿಗೂ ಒಂದು ಸಂಕೇತ ಸಂಖ್ಯೆ. ವೋಚರಿನಲ್ಲಿ, ಲೆಡ್ಜರಿನಲ್ಲಿ, ವರದಿಯಲ್ಲಿ ಆ ಸಂಖ್ಯೆ ಮಾತ್ರ. ಸಂಖ್ಯೆಗೆ ಹೆಸರು ಜೋಡಿಸುವ ರಿಜಿಸ್ಟರ್ ಒಂದೇ ಒಂದು, ಅದು ಬೀರುವಿನಲ್ಲಿ, ಬೀಗದ ಕೈ ಆಪ್ತಸಮಾಲೋಚಕಿಯ ಹತ್ತಿರ. ಸಹಿ ಅಥವಾ ಹೆಬ್ಬೆಟ್ಟು ಇರುವ ರಸೀದಿ ಮೊಹರು ಹಾಕಿದ ಲಕೋಟೆಯಲ್ಲಿ. ಆಡಿಟರ್ ಬಂದಾಗ ತಮಗೆ ಬೇಕಾದ ಯಾವುದೇ ಹತ್ತು ಸಂಖ್ಯೆ ಆರಿಸಲಿ, ನಮ್ಮೆದುರೇ ಲಕೋಟೆ ತೆರೆದು ನೋಡಲಿ; ಜೆರಾಕ್ಸ್ ಇಲ್ಲ, ಮೊಬೈಲ್ ಹೊರಗೆ. ಮೊದಲ ವರ್ಷ ಆಡಿಟರ್ ಬಹಳ ಹೊತ್ತು ಸುಮ್ಮನೆ ಕೂತಿದ್ದರು. ಚಿಗವ್ವನ ಕೈಯ ಕಥೆ ಹೇಳಿದೆ. ಒಪ್ಪಿದರು. ಕಂಪನಿಯವರನ್ನು ಒಪ್ಪಿಸಲು ಏಳು ತಿಂಗಳು ಹಿಡಿಯಿತು. ಅದರಿಂದ ಕಲಿತದ್ದು: ಈ ಷರತ್ತನ್ನು ಹಣ ಬಂದ ಮೇಲೆ ಅಲ್ಲ, ಅರ್ಜಿಯಲ್ಲೇ ಬರೆಯಬೇಕು. ಈಗ ನಮ್ಮ ಪ್ರಸ್ತಾವನೆಯ ಎರಡನೇ ಪುಟದಲ್ಲೇ 'ಫೋಟೋ ಕೊಡುವುದಿಲ್ಲ' ಎಂದಿರುತ್ತದೆ. ಹಾಗೆ ಬರೆದದ್ದಕ್ಕೆ ಒಂದು ಅನುದಾನ ಕೈತಪ್ಪಿತು. ಆ ವರ್ಷ ಒಬ್ಬ ಕಾರ್ಯಕರ್ತೆಯನ್ನು ಬಿಡಬೇಕಾಗಿ ಬಂತು. ನನಗೆ ಅದರ ನೋವು ಇನ್ನೂ ಇದೆ.

ಆದರೆ ಹೆಸರು ಸೋರುವುದು ಕಾಗದದಿಂದ ಮಾತ್ರ ಅಲ್ಲ. ಕರ್ನಾಟಕದಲ್ಲಿ 2017ರಲ್ಲಿ ಸುಧಾರಿತ ಬೀಟ್ ವ್ಯವಸ್ಥೆ ಬಂತು. ಊರು, ಬಡಾವಣೆಗಳನ್ನು ಹಂಚಿ ಒಬ್ಬೊಬ್ಬ ಸಿಬ್ಬಂದಿಗೆ ಒಂದೊಂದು ಬೀಟ್ ಕೊಟ್ಟು, ಊರಿನವರನ್ನೇ ಸದಸ್ಯರನ್ನಾಗಿ ಮಾಡಿಕೊಳ್ಳುವ ಕ್ರಮ. 2025ರಲ್ಲಿ 'ಮನೆ ಮನೆಗೆ ಪೊಲೀಸ್' ಶುರುವಾಗಿದೆ. ನನಗೆ ಈ ಜನಸ್ನೇಹಿ ಪೊಲೀಸಿಂಗ್ ಮೇಲೆ ನಂಬಿಕೆ ಇದೆ. ಅವತ್ತು ಬೀಟ್ ಕಾನ್‌ಸ್ಟೆಬಲ್‌ಗೆ ಚಿಗವ್ವನ ಓಣಿ ಗೊತ್ತಿರದಿದ್ದರೆ ಪೆಟ್ಟು ಬರೀ ಕೈಗೇ ನಿಲ್ಲುತ್ತಿರಲಿಲ್ಲ. ಆದರೆ ಊರಿನವರು ಎಂದರೆ ಯಾರು? ನಮ್ಮ ಸಭೆಗಳ ಸದಸ್ಯರ ಪಟ್ಟಿ ತೆಗೆದು ನೋಡಿದೆ: ಮಾಜಿ ಪಂಚಾಯ್ತಿ ಸದಸ್ಯರು, ಅಂಗಡಿಯವರು, ಗುಡಿ ಕಮಿಟಿಯವರು, ನಿವೃತ್ತ ಮಾಸ್ತರರು. ಒಂದು ಊರಿನಲ್ಲಂತೂ ದೂರು ಕೊಟ್ಟವಳ ಮಾವನೇ ಸದಸ್ಯ. ಅವರೆದುರು ಯಾವ ಮನೆಯ ವಿಷಯ ಎತ್ತಿದರೂ ಸಂಜೆಯೊಳಗೆ ಕಟ್ಟೆಗೆ ಬಂದಿರುತ್ತದೆ. ಹಾಗಾಗಿ ಸಭೆಯಲ್ಲಿ ಬೀದಿ ದೀಪ, ಸಾರಾಯಿ, ಕಾಲೇಜಿನ ದಾರಿ, ಸೈಬರ್ ಮೋಸ. ಮನೆಯೊಳಗಿನ ಪ್ರಕರಣ ಎಂದೂ ಇಲ್ಲ. ಅದಕ್ಕೆ ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರ್, ಒಬ್ಬ ಮಹಿಳಾ ಪೇದೆ, ನಾವು, ಇಷ್ಟೇ ಜನ.

ಗಸ್ತಿನ ಉಪಾಯ ಹೇಳಿಕೊಟ್ಟವರು ಒಬ್ಬ ಎಎಸ್‌ಐ. "ಮೇಡಂ, ಖಾಕಿ ಹಾಕ್ಕೊಂಡು ಅದೊಂದೇ ಮನಿಗೆ ಹೋದ್ರ ಓಣಿಗೆಲ್ಲ ಡಂಗುರ ಸಾರಿದಂಗ. ಹಿಂದ ಮುಂದ ಐದು ಮನಿ ಹೋಗಬೇಕ್ರಿ." ಅಂದಿನಿಂದ ಐದು ಮನೆಗಳ ಕ್ಷೇಮ ವಿಚಾರಣೆ, ನೀರು ಬಂತಾ, ಬಾಡಿಗೆದಾರರು ಯಾರು ಎಂದು ಕೇಳುತ್ತ ಮೂರನೇ ಮನೆಯಲ್ಲಿ ಅವಳ ಮುಖ ನೋಡಿ ಬರುವುದು. ಅವಳು ತಲೆ ಮೇಲೆ ಸೆರಗು ಹೊದ್ದಿದ್ದರೆ ಎಲ್ಲ ಸರಿ, ಹೊದ್ದಿಲ್ಲದಿದ್ದರೆ ನಮಗೆ ಫೋನ್. ಇದಕ್ಕೆ ಪೆಟ್ರೋಲ್ ಬಿಟ್ಟರೆ ಖರ್ಚಿಲ್ಲ, ಯಾವ ನಮೂನೆಯಲ್ಲೂ ಇದಕ್ಕೊಂದು ಕಲಂ ಇಲ್ಲ.

ಠಾಣೆಯ ಮಹಿಳಾ ಸಹಾಯ ಕೇಂದ್ರಕ್ಕೆ ನಿರ್ಭಯಾ ನಿಧಿಯಿಂದ ಠಾಣೆಗೆ 1 ಲಕ್ಷದ ಲೆಕ್ಕದಲ್ಲಿ ಹಣ ಮಂಜೂರಾಗಿತ್ತು. ನಾನು ಕಂಡ ಒಂದು ಠಾಣೆಯಲ್ಲಿ ಬೋರ್ಡು, ಟೇಬಲ್ಲು, ಕಂಪ್ಯೂಟರ್ ಎಲ್ಲ ಚೆಂದ ಇತ್ತು, ಬಾಗಿಲಿನ ಎದುರಿಗೇ. ಅಲ್ಲಿ ಕೂತವಳು ರಸ್ತೆಗೆ ಕಾಣುತ್ತಿದ್ದಳು. ನಮ್ಮ ಅನುದಾನದಲ್ಲಿ ಪ್ಲೈವುಡ್ ಅಡ್ಡಗೋಡೆ, ಒಂದು ಪರದೆ ಹಾಕಿಸಿದೆವು. ಮೂರು ವರ್ಷಗಳಲ್ಲಿ ನಾನು ಮಾಡಿಸಿದ ಖರ್ಚುಗಳಲ್ಲಿ ಇದಕ್ಕಿಂತ ಸಾರ್ಥಕವಾದದ್ದು ನೆನಪಿಲ್ಲ.

ಬಜೆಟ್ ಬರೆಯುವವರಿಗೆ ಇನ್ನೊಂದು ಮಾತು. 'ತುರ್ತು ನೆರವು' ಎಂಬ ಶೀರ್ಷಿಕೆ ಇರಲೇಬೇಕು, ಅದರಲ್ಲಿ ಬಸ್ ಚಾರ್ಜ್ ಕೂಡ. ಶಕ್ತಿ ಯೋಜನೆ ಬಂದ ಮೇಲೆ, 2023ರ ಜೂನ್‌ನಿಂದ, ಹೆಂಗಸರಿಗೆ ಸರ್ಕಾರಿ ಬಸ್ ಉಚಿತವಾಗಿದೆಯಲ್ಲ, ಮತ್ತೇಕೆ ಎಂದು ಅನುದಾನದವರು ಅದನ್ನು ಹೊಡೆದುಹಾಕಲು ನೋಡಿದರು. ಶೂನ್ಯ ಟಿಕೆಟ್‌ಗೆ ಗುರುತಿನ ಚೀಟಿ ತೋರಿಸಬೇಕು. ರಾತ್ರಿ ಉಟ್ಟ ಸೀರೆಯಲ್ಲೇ ಓಡಿಬಂದವಳ ಆಧಾರ್ ಕಾರ್ಡು ಗಂಡನ ಮನೆಯ ಟ್ರಂಕಿನಲ್ಲಿರುತ್ತದೆ.

ಮೊದಲ ಸಂಕೇತ ಸಂಖ್ಯೆ ಕೊಟ್ಟದ್ದು ಅವಳಿಗೇ. ಮಗನ ಟಿಸಿ ತರಲು ಹಳೆಯ ಶಾಲೆಗೆ ಹೋಗಬೇಕಿತ್ತು, ಅವಳು ಹೋಗುವಂತಿರಲಿಲ್ಲ, ನಾನು ಹೋದೆ. ಹೊಸ ಶಾಲೆಯ ಹೆಸರನ್ನು ಟಿಸಿಯಲ್ಲಿ ನಮೂದಿಸಬೇಡಿ ಎಂದು ಮುಖ್ಯೋಪಾಧ್ಯಾಯಿನಿಯನ್ನು ಕೇಳಿಕೊಂಡೆ. ಅವರು ಏಕೆ ಎಂದು ಕೇಳದೆ ಆ ಜಾಗ ಖಾಲಿ ಬಿಟ್ಟು ಸಹಿ ಹಾಕಿದರು. ಹೋಗಿಬರುವ ಖರ್ಚಿನ ವೋಚರು 001. ಕಡತದಲ್ಲಿ ಈಗಲೂ ಇದೆ.