ಕೊಟ್ಟಿಗೆ ಬರಿದಾದರೂ

ಧಾರವಾಡದ ನಮ್ಮ ಬೋರ್ಡಿಂಗಿನ, ಅಂದರೆ ಕ್ರೈಸ್ತರು ನಡೆಸುವ ಹುಡುಗಿಯರ ಹಾಸ್ಟೆಲಿನ, ನೆನಪು ಬರೆಯಿರಿ ಅಂದಿದ್ದಾರೆ. ಪಾಠ, ಆಟ, ಗ್ಯಾದರಿಂಗ್ (ಶಾಲೆಯ ವಾರ್ಷಿಕೋತ್ಸವ) ಬಗ್ಗೆ ಬರೆಯಲು ನನ್ನ ಜೊತೆಯವರು ಬೇಕಾದಷ್ಟು ಜನ ಇದ್ದಾರೆ. ನಾನು ಬೋರ್ಡಿಂಗಿನ ಸಂಜೆಯ ಪ್ರಾರ್ಥನೆ ಬಗ್ಗೆಯೇ ಬರೆಯುತ್ತೇನೆ. ಧಾರವಾಡದಲ್ಲಿ ನಾನು ಕಲಿತದ್ದರಲ್ಲಿ ಇವತ್ತಿಗೂ ದಿನಾ ಬೇಕಾಗುವುದು ಅದೇ.

ನಮ್ಮೂರು ರೋಣ ತಾಲೂಕಿನಲ್ಲಿ. ಎರೆ ಭೂಮಿ. ಮಳೆಯಾದರೆ ಮುಂಗಾರಿಗೆ ಹೆಸರು, ಹಿಂಗಾರಿಗೆ ಬಿಳಿಜೋಳ, ಕಡಲೆ. ಆಗದಿದ್ದರೆ ಏನೂ ಇಲ್ಲ. 2001ರಿಂದ ಮೂರು ವರ್ಷ ಒಂದರ ಹಿಂದೆ ಒಂದು ಬರ ಬಿತ್ತಲ್ಲ, ಆಗ ನಾನು ಹೈಸ್ಕೂಲಿನಲ್ಲಿದ್ದೆ. ಹೊಲ ಬಿರುಕು ಬಿಟ್ಟು ಒಳಗೆ ಕೈ ಇಳಿಯುತ್ತಿತ್ತು. ಅಪ್ಪ ಗೋವಾಕ್ಕೆ ದುಡಿಯಲು ಹೋದರು. ಹೋಗುವ ಮೊದಲು ಎತ್ತು ಮಾರಿದರು. ಸುದ್ದಿ ನನಗೆ ಪತ್ರದಲ್ಲಿ ಬಂತು. ಅವತ್ತು ಊಟಕ್ಕೆ ಹೋಗದೆ ಟ್ರಂಕಿನ ಹತ್ತಿರ ಕೂತುಬಿಟ್ಟೆ.

ಅಡುಗೆಮನೆಯ ಆಯಿ ಹುಡುಕಿಕೊಂಡು ಬಂದರು. ನಾವೆಲ್ಲ ಅವರನ್ನು ಆಯಿ ಅಂತಲೇ ಕರೆಯುತ್ತಿದ್ದೆವು. "ಯಾಕ ಯವ್ವಾ, ಉಣ್ಣಾಕ ಬರ್ಲಿಲ್ಲ?" ಅಂದರು. ಪತ್ರ ತೋರಿಸಿದೆ. ಅವರಿಗೆ ಓದಲು ಬರುತ್ತಿರಲಿಲ್ಲ, ನಾನೇ ಓದಿ ಹೇಳಿದೆ. "ಅಳೂದಿದ್ರ ಅಳು. ದೇವರ ಮುಂದ ಅಳೂದು ತಪ್ಪಲ್ಲ. ಪ್ರಾರ್ಥನಿಗೆ ಮಾತ್ರ ಬಾ" ಅಂದು ಹೋದರು.

ಆಯಿಗೆ ಸತ್ಯವೇದದ, ಅಂದರೆ ಬೈಬಲ್ಲಿನ, ವಾಕ್ಯಗಳೆಲ್ಲ ಕೇಳಿ ಕೇಳಿ ಬಾಯಿಪಾಠವಾಗಿದ್ದವು. ಅದರಲ್ಲಿ ಹಬಕ್ಕೂಕ ಎಂಬ ಪ್ರವಾದಿಯ ಪುಸ್ತಕದ ಕೊನೆಯಲ್ಲಿ ಒಂದು ಮಾತು ಬರುತ್ತದೆ. ಅಂಜೂರ ಚಿಗುರದಿದ್ದರೂ, ದ್ರಾಕ್ಷಿ ಬಳ್ಳಿಯಲ್ಲಿ ಹಣ್ಣಿಲ್ಲದಿದ್ದರೂ, ಹೊಲ ಅನ್ನ ಕೊಡದಿದ್ದರೂ, ಹಟ್ಟಿಯಲ್ಲಿ ದನಕುರಿ ಇಲ್ಲದಿದ್ದರೂ ನಾನು ದೇವರಲ್ಲಿ ಉಲ್ಲಾಸಪಡುತ್ತೇನೆ ಎಂದು. ಆ ಸಂಜೆ ಆಯಿ ಎದ್ದು ನಿಂತು ಅದನ್ನೇ ತಮ್ಮ ಪ್ರಾರ್ಥನೆ ಮಾಡಿಕೊಂಡರು. "ಜ್ವಾಳ ತೆನಿ ಹಿಡೀಲಿಲ್ಲಂದ್ರೂ, ಹತ್ತಿ ಕಾಯಿ ಕಟ್ಟಲಿಲ್ಲಂದ್ರೂ, ಕೊಟಗಿಯೊಳಗ ಎತ್ತ ಇಲ್ಲಂದ್ರೂ, ನಾವು ನಿನ್ನೊಳಗ ಖುಷಿಲೆ ಇರ್ತೀವಿ, ತಂದೀ. ಈ ಹುಡಿಗಿ ಮನಿ ಎತ್ತ ಮಾರ್ಯಾರ. ನಿನಗ ಗೊತ್ತೈತಿ." ಆಮೇಲೆ ಹಾಡು ಎತ್ತಿದರು. ನಾನು ಅಳುತ್ತಲೇ ಹಾಡಿದೆ. ಹಾಡು ಮುಗಿಯುವ ಹೊತ್ತಿಗೆ ಹಸಿವಾಗಿತ್ತು. ಅಡುಗೆಮನೆಯಲ್ಲಿ ನನ್ನ ತಟ್ಟೆ ಮುಚ್ಚಿಟ್ಟಿದ್ದರು.

ಎತ್ತು ವಾಪಸ್ ಬರಲಿಲ್ಲ. ಮುಂದಿನ ವರ್ಷವೂ ಮಳೆ ಕೈಕೊಟ್ಟಿತು. ಆದರೆ ಆ ಸಂಜೆಯಿಂದ ನನಗೆ ಒಂದು ತಿಳಿಯಿತು. ಕಷ್ಟ ಮುಗಿಯಲಿ, ಆಮೇಲೆ ಸಂತೋಷಪಡೋಣ ಅಂತ ಆಯಿ ಕಾಯುತ್ತಿರಲಿಲ್ಲ. ಅವರೂ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವರು. ಅಷ್ಟಾದರೂ ಬೋರ್ಡಿಂಗಿನಲ್ಲಿ ಎಲ್ಲರಿಗಿಂತ ಜಾಸ್ತಿ ನಗುತ್ತಿದ್ದವರು ಅವರೇ.

ಆಮೇಲೆ ನಾನೇ ಹಬಕ್ಕೂಕನನ್ನು ಓದಿದೆ. ಬರೀ ಮೂರು ಅಧ್ಯಾಯ. ಶುರುವಾಗುವುದೇ ದೂರಿನಿಂದ, ಎಷ್ಟು ದಿನ ಕೂಗಲಿ, ನೀನು ಯಾಕೆ ಕೇಳುತ್ತಿಲ್ಲ ಎಂದು. ಮುಗಿಯುವುದು ಹಾಡಿನಲ್ಲಿ. ತಂತಿವಾದ್ಯದ ಜೊತೆ ಹಾಡಬೇಕು ಎಂಬ ಸೂಚನೆಯೂ ಕೊನೆಗೆ ಇದೆ. ಬೆಳೆ ಹೋದ ಆ ಪಟ್ಟಿಯನ್ನು ಜನ ಸೇರಿ ಹಾಡಲೆಂದೇ ಬರೆದಿದ್ದು, ಅಲ್ವಾ? ಯೇಸುವಿನ ಸುವಾರ್ತೆ ಸಾರುತ್ತಾ ಊರೂರು ತಿರುಗಿದ ಪೌಲನೂ ಹಾಗೇ. ಫಿಲಿಪ್ಪಿಯ ಜೈಲಿನಲ್ಲಿ ಏಟು ತಿಂದು, ಕಾಲಿಗೆ ಕೋಳ ಹಾಕಿಸಿಕೊಂಡು, ಜೊತೆಗಾರ ಸೀಲನೊಂದಿಗೆ ನಡುರಾತ್ರಿ ಹಾಡಿದ. ಮುಂದೆ ಅದೇ ಊರಿನ ಕ್ರೈಸ್ತ ಸಭೆಗೆ ಸಂತೋಷವಾಗಿರಿ ಎಂದು ಮತ್ತೆ ಮತ್ತೆ ಬರೆದದ್ದೂ ಸೆರೆಯಲ್ಲಿದ್ದಾಗಲೇ. ಸುಖವಾಗಿ ಕೂತವರು ಹೇಳಿದ್ದರೆ ಈ ಮಾತು ನನ್ನ ಮನಸ್ಸಿಗೆ ಇಳಿಯುತ್ತಿರಲಿಲ್ಲ.

ನಮ್ಮ ಹಾಡುಗಳ ಹಿಂದೆಯೂ ಅಂಥವರೇ ಇದ್ದಾರೆ. ನಮ್ಮ ಹಾಡುಗಳನ್ನು ಕನ್ನಡಕ್ಕೆ ತಂದ ಬಾಸೆಲ್ ಮಿಷನ್ನಿನವರು, ಅಂದರೆ ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಷನ್ನಿನ ಪಾದ್ರಿಗಳು, 1837ರಲ್ಲಿ ಧಾರವಾಡಕ್ಕೆ ಬಂದರು, ಆಮೇಲೆ ಹುಬ್ಬಳ್ಳಿ, ಬೆಟಗೇರಿಗೆ. ಎಷ್ಟೋ ಜನ ಜ್ವರಕ್ಕೆ ಸಿಕ್ಕಿ ಸಣ್ಣ ವಯಸ್ಸಿನಲ್ಲೇ ತೀರಿಕೊಂಡರು. 1894ರಲ್ಲಿ ಕನ್ನಡಕ್ಕೆ ಆ ದೊಡ್ಡ ನಿಘಂಟು ಕೊಟ್ಟ ಅದೇ ಮಿಷನ್ನಿನ ಕಿಟೆಲ್ ಅವರೂ ಮೊದಲ ಹೆಂಡತಿಯನ್ನು ಕಳೆದುಕೊಂಡವರೇ.

ಮದುವೆಯಾಗಿ ನಾನು ಬೆಟಗೇರಿಗೆ ಬಂದೆ. ಕೆಲವು ವರ್ಷಕ್ಕೆ ಯಜಮಾನರ ಎರಡೂ ಕಿಡ್ನಿ ಹೋದವು. ನಮಗೆ ಡಯಾಲಿಸಿಸ್ಸಿಗೆ ಜಾಗ ಸಿಕ್ಕಿದ್ದು ಹುಬ್ಬಳ್ಳಿಯಲ್ಲಿ. ವಾರಕ್ಕೆ ಮೂರು ದಿನ, ಸಲಕ್ಕೆ ನಾಲ್ಕು ತಾಸು. ಕತ್ತಲಲ್ಲೇ ಬಸ್ ಹತ್ತುತ್ತಿದ್ದೆವು, ಅಣ್ಣಿಗೇರಿ ದಾಟುವಾಗ ಬೆಳಗಾಗುತ್ತಿತ್ತು. ಕಿಡ್ನಿ ನಿಂತರೆ ಕುಡಿದ ನೀರು ಮೈಯಲ್ಲೇ ಉಳಿಯುತ್ತದೆ, ಉಸಿರು ಕಟ್ಟುತ್ತದೆ. ಹಾಗಾಗಿ ನೀರನ್ನೂ ಅಳೆದು ಕೊಡಬೇಕು. ಬಾಳೆಹಣ್ಣು, ಎಳನೀರು ಎಲ್ಲ ಬಂದ್. ನೀರಿಲ್ಲದ ಊರಲ್ಲಿ ಬೆಳೆದವಳು ನಾನು. ಕೊಡ ತುಂಬ ನೀರಿದ್ದೂ ಏಪ್ರಿಲ್ ಬಿಸಿಲಿನಲ್ಲಿ ಗಂಡನಿಗೆ ಇನ್ನೊಂದು ಗುಟುಕು ಬೇಡ ಅನ್ನುವುದಿದೆಯಲ್ಲ, ಅದರಷ್ಟು ಕಷ್ಟ ನನಗೆ ಬೇರೆ ಯಾವುದೂ ಆಗಲಿಲ್ಲ. ರಾತ್ರಿ ದೇವರ ಹತ್ತಿರ ಜಗಳವಾಡುತ್ತಿದ್ದೆ. ಹಬಕ್ಕೂಕನೂ ಆಡಿದ್ದ, ನನಗೆ ಭಯವಿರಲಿಲ್ಲ.

ಡಯಾಲಿಸಿಸ್ ವಾರ್ಡಿನ ಹೊರಗಿನ ಬೆಂಚಿನಲ್ಲಿ ನನಗೆ ಸಿಕ್ಕ ಜನರನ್ನು ನಾನು ಯಾವತ್ತೂ ಮರೆಯಲಾರೆ. ಹಾವೇರಿ ಕಡೆಯ ಒಬ್ಬ ತಾಯಿ ಮಗನನ್ನು ಕರೆತರುತ್ತಿದ್ದರು. ನವಲಗುಂದದ ಒಬ್ಬ ಮುಸ್ಲಿಂ ಅಕ್ಕ ಗಂಡನ ಜೊತೆ ಬರುತ್ತಿದ್ದರು. ರೊಟ್ಟಿ, ಶೇಂಗಾ ಚಟ್ನಿ ಹಂಚಿಕೊಂಡು ತಿನ್ನುತ್ತಿದ್ದೆವು. ನಾನು ಸಣ್ಣ ದನಿಯಲ್ಲಿ ಹಾಡಿಕೊಳ್ಳುವುದನ್ನು ಕೇಳಿ ಆ ಅಕ್ಕ, "ಇನ್ನೊಂದ್ ಸಲ ಹಾಡ್ರಿ, ಮನಸ್ಸಿಗೆ ಆರಾಮ ಅನಸ್ತೈತಿ" ಅನ್ನುತ್ತಿದ್ದರು. ಅಲ್ಲಿ ನಾವು ಎಷ್ಟು ನಗುತ್ತಿದ್ದೆವೆಂದರೆ ಸಿಸ್ಟರ್ ಬಂದು ಸದ್ದು ಕಡಿಮೆ ಮಾಡಿ ಅನ್ನಬೇಕಾಗುತ್ತಿತ್ತು. ಯಜಮಾನರಿಗೆ ಆರಾಧನೆಗೆ ಹೋಗಲು ಆಗದಾದಾಗ ನಮ್ಮ ಚರ್ಚಿನ ಸಭೆಯವರೇ ಮನೆಗೆ ಬಂದು ಪ್ರಾರ್ಥನೆ ಮಾಡಿದರು. ಬರುವಾಗ ಉಪ್ಪು ಕಡಿಮೆ ಹಾಕಿದ ಅಡುಗೆ ಮಾಡಿಕೊಂಡು ತರುತ್ತಿದ್ದರು. ನಂಬಿಕೆ ನನ್ನ ಮನೆಗೆ ಬಂದದ್ದು ಹೀಗೆ, ಡಬ್ಬಿಯಲ್ಲಿ.

ಯಜಮಾನರು ಗುಣವಾಗಲಿಲ್ಲ. ತೀರಿಕೊಂಡರು. ಇದನ್ನು ಬರೆಯಲೇಬೇಕು. ದೇವರು ನಮಗೆ ಮಾಡಿದ್ದನ್ನು ಸಭೆಯಲ್ಲಿ ಸಾಕ್ಷಿಯಾಗಿ ಹೇಳುವಾಗ ನಾವು ಗುಣವಾದವರ ಕಥೆಯನ್ನೇ ಜಾಸ್ತಿ ಹೇಳುತ್ತೇವೆ. ಗುಣವಾಗದವರ ಮನೆಯಲ್ಲೂ ದೇವರು ಇದ್ದ, ನಾನು ನೋಡಿದ್ದೇನೆ. ಮಣ್ಣು ಮಾಡುವ ದಿನ ನಾವು ಹಾಡಿದೆವು, ಅಳುತ್ತಲೇ ಹಾಡಿದೆವು. ಸತ್ತವರು ಕ್ರಿಸ್ತನಲ್ಲಿ ಎದ್ದು ಬರುತ್ತಾರೆ ಎಂದು ನಾನು ನಂಬುತ್ತೇನೆ. ಸುಮ್ನೆ ಸಮಾಧಾನಕ್ಕೆ ಹೇಳಿಕೊಳ್ಳುವ ಮಾತಲ್ಲ ಅದು. ಆ ನಂಬಿಕೆ ಇರುವುದರಿಂದಲೇ ಬೆಳಿಗ್ಗೆ ಎದ್ದು ಮಗಳ ಜಡೆ ಹಾಕಿ, ನಗುತ್ತಾ ಶಾಲೆಗೆ ಕಳಿಸಲು ನನಗೆ ಸಾಧ್ಯವಾಗುತ್ತದೆ.

ನಮ್ಮ ಕಾಲದಲ್ಲಿ ಸಂಜೆಯ ಹಾಡನ್ನು ಒಬ್ಬೊಬ್ಬ ಹುಡುಗಿ ಸರದಿಯಂತೆ ಆರಿಸಬೇಕಿತ್ತು. ಸಣ್ಣವರಿಗೂ ಸರದಿ ಇತ್ತು, ಬೇರೆ ಧರ್ಮದ ಮಕ್ಕಳೂ ಇಷ್ಟಪಟ್ಟರೆ ಆರಿಸುತ್ತಿದ್ದರು. ಈಗಿನ ವಾರ್ಡನ್ ಅವರಲ್ಲಿ ನನ್ನದೊಂದು ವಿನಂತಿ, ಆ ಪದ್ಧತಿಯನ್ನು ಬಿಡಬೇಡಿ. ಈಗ ನಾನು ಧಾರವಾಡದಲ್ಲೇ ಇದ್ದೇನೆ. ಹಳೆಯ ರಾಗಗಳು ಗೊತ್ತಿರುವವರು ಯಾರೂ ಇಲ್ಲ ಅಂದರೆ ಶನಿವಾರ ಸಂಜೆ ಬಂದು ಕಲಿಸುತ್ತೇನೆ. ಹಾರ್ಮೋನಿಯಂ ನಾನೇ ತರುತ್ತೇನೆ.