ಬೆಳಗಿನ ನಾಲ್ಕೂವರೆಯ ಕರೆ

ಕಳೆದ ಜನವರಿಯ ಒಂದು ಸೋಮವಾರ, ಬೆಳಿಗ್ಗೆ 8:40ರ ಸುಮಾರಿಗೆ, ನನ್ನ ವಿಶೇಷ ತರಗತಿಯಲ್ಲಿ ಹತ್ತನೇ ತರಗತಿಯ ಹುಡುಗಿಯೊಬ್ಬಳು ನಿಂತಲ್ಲೇ ಕುಸಿದು ಬಿದ್ದಳು. ಅವಳನ್ನು ನಿಲ್ಲಿಸಿದ್ದವನು ನಾನೇ.

ನಾನು ಬಯಲುಸೀಮೆಯ ಹೋಬಳಿಯೊಂದರ ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕ. ಹಿಂದಿನ ವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶ ಕುಸಿದಿದ್ದರಿಂದ ನವೆಂಬರ್‌ನಲ್ಲೇ ಸಭೆ ಕರೆದು, ಪ್ರತಿ ಶಿಕ್ಷಕರೂ ಹತ್ತು ಹನ್ನೊಂದು ಮಕ್ಕಳನ್ನು ದತ್ತು ಪಡೆಯಬೇಕು, ಬೆಳಗಿನ ಜಾವ ಅವರಿಗೆ ವೇಕಪ್ ಕಾಲ್ ಮಾಡಬೇಕು, ಎಷ್ಟು ಕರೆ ಹೋಯಿತು ಎಂಬುದನ್ನು ನಮೂನೆಯಲ್ಲಿ ತುಂಬಿ ಗ್ರೂಪಿಗೆ ಹಾಕಬೇಕು ಎಂದು ನಿರ್ಧರಿಸಲಾಯಿತು. ನನ್ನ ಪಾಲಿಗೆ ಹನ್ನೊಂದು ಮಕ್ಕಳು ಬಂದರು. ಸಹೋದ್ಯೋಗಿಗಳು ಐದು ಗಂಟೆಗೆ ಕರೆ ಮಾಡುತ್ತಿದ್ದರೆ ನಾನು ನಾಲ್ಕೂವರೆಗೇ ಆರಂಭಿಸುತ್ತಿದ್ದೆ. ಅದನ್ನು ಯಾರೂ ನನಗೆ ಹೇಳಿರಲಿಲ್ಲ. ಪಾಸಿಂಗ್ ಪ್ಯಾಕೇಜ್, ಅಂದರೆ ಪಾಸಾಗಲು ಬೇಕಾದಷ್ಟು ಆಯ್ದ ಪಾಠಭಾಗ, ಮುಗಿಸಲು ಅರ್ಧ ಗಂಟೆ ಹೆಚ್ಚು ಸಿಗುತ್ತದೆ ಎಂದು ನಾನಾಗಿ ತೀರ್ಮಾನಿಸಿದ್ದೆ.

ಆ ಹುಡುಗಿ ನನ್ನ ದತ್ತು ಪಟ್ಟಿಯಲ್ಲಿದ್ದವಳು, ಕರೆ ಮಾಡಿದರೆ ಮೊದಲ ರಿಂಗಿಗೇ ಎತ್ತುತ್ತಿದ್ದವಳು. ಅಂದು ಹೃದಯದ ನೀಳಛೇದ ನೋಟದ ಚಿತ್ರವನ್ನು ಅಭ್ಯಾಸ ಮಾಡಿಸುತ್ತಿದ್ದಾಗ ಅವಳು ಡೆಸ್ಕಿನ ಮೇಲೆ ತಲೆ ಇಟ್ಟಿದ್ದು ಕಾಣಿಸಿತು. ಒಂದು ವಾರದೊಳಗೆ ಅದು ಮೂರನೆಯ ಸಲ. ರಾತ್ರಿಯೆಲ್ಲ ಫೋನ್ ನೋಡಿ ಬಂದಿದ್ದಾಳೆ ಎಂಬುದರಲ್ಲಿ ನನಗೆ ಲವಲೇಶವೂ ಸಂಶಯವಿರಲಿಲ್ಲ. ಎದ್ದು ನಿಲ್ಲು ಎಂದೆ. ಅವಳು ನಿಂತಳು. ನಾನು ಕಪ್ಪುಹಲಗೆಯ ಕಡೆ ತಿರುಗಿ ಮಹಾಪಧಮನಿಯನ್ನು ಬರೆದೆ, ಕವಾಟಗಳನ್ನು ಗುರುತಿಸಿದೆ, ಮಕ್ಕಳ ಪುಸ್ತಕಗಳನ್ನು ನೋಡುತ್ತಾ ಎರಡು ಸಾಲು ದಾಟಿದೆ. ಇಪ್ಪತ್ತು ನಿಮಿಷವಾದರೂ ಆಗಿರಬೇಕು. ಅಷ್ಟರಲ್ಲಿ ಒಮ್ಮೆ ಅವಳು “ಸಾರ್” ಎಂದಳು. ಕುಳಿತುಕೊಳ್ಳಲು ಅನುಮತಿ ಕೇಳುತ್ತಿದ್ದಾಳೆ ಎಂದುಕೊಂಡು ನಾನು ತಿರುಗಿ ನೋಡಲಿಲ್ಲ.

ಮರುಕ್ಷಣ ಡೆಸ್ಕಿನ ಅಂಚಿಗೆ ಏನೋ ಬಡಿದ ಸದ್ದಾಯಿತು. ಮಕ್ಕಳು ಕಿರುಚಿಕೊಂಡು ಸುತ್ತ ಮುತ್ತಿಕೊಂಡರು. ತುಟಿ ಬಿಳಿಚಿಕೊಂಡಿತ್ತು, ಕೈ ತಣ್ಣಗಿತ್ತು. ನಾನು ಅವಳನ್ನು ಎಬ್ಬಿಸಿ ಕೂರಿಸಲು ನೋಡಿದೆ, ಬಾಟಲಿಯಿಂದ ನೀರು ಕುಡಿಸಲು ಹೋದೆ. ಎರಡೂ ತಪ್ಪು. ಮೈದಾನದಿಂದ ಓಡಿಬಂದ ನಮ್ಮ ದೈಹಿಕ ಶಿಕ್ಷಣದ (ಪಿಇ) ಮೇಷ್ಟ್ರು ನನ್ನ ಕೈಯಿಂದ ಬಾಟಲಿ ಕಸಿದುಕೊಂಡು, “ಪ್ರಜ್ಞೆ ಇಲ್ಲದವಳಿಗೆ ನೀರು ಕೊಡಬೇಡಿ ಸಾರ್, ಮಲಗಿಸಿ” ಎಂದು ಹೇಳಿ, ಅಂಗಾತ ಮಲಗಿಸಿ, ಅವಳ ಕಾಲುಗಳನ್ನು ಬ್ಯಾಗುಗಳ ಮೇಲೆ ಎತ್ತಿಟ್ಟು, ಕಿಟಕಿಗಳನ್ನು ತೆರೆಸಿದರು. ಅವಳು ಒಂದೆರಡು ನಿಮಿಷದಲ್ಲೇ ಕಣ್ಣು ಬಿಟ್ಟಳಂತೆ. ನನಗೆ ಅದು ಎಷ್ಟು ದೀರ್ಘವೆನಿಸಿತೆಂದು ಹೇಳಲಾರೆ. 108ಕ್ಕೆ ಕರೆ ಮಾಡಿದಾಗ ಅತ್ತಲಿಂದ ಕೇಳಿದ ಶಾಲೆಯ ವಿಳಾಸವೇ ನನ್ನ ಬಾಯಿಗೆ ಬರಲಿಲ್ಲ.

ಅಷ್ಟರಲ್ಲಿ, ಸೋಮವಾರ ಶಾಲೆಯಲ್ಲಿ ಮಾತ್ರೆ ಕೊಡುವ ದಿನವಾದ್ದರಿಂದ, “ನೀಲಿ ಮಾತ್ರೆ ನುಂಗಿ ಹುಡುಗಿ ಬಿದ್ದಳಂತೆ” ಎಂಬ ಮಾತು ಊರೊಳಗೆ ಹೋಗಿ ನಾಲ್ಕಾರು ಪೋಷಕರು ಗೇಟಿನ ಬಳಿ ಸೇರಿದರು. ಕಬ್ಬಿಣಾಂಶದ ಆ ಮಾತ್ರೆಗಳಿಗೆ ನಾನೇ ನೋಡಲ್ ಶಿಕ್ಷಕ, ಅಂದರೆ ವಿತರಣೆಯ ಹೊಣೆ ನನ್ನದೇ. ಅಂದಿನ ಪೊಟ್ಟಣ ಇನ್ನೂ ತೆರೆಯದೆ ಮೇಜಿನ ಮೇಲಿತ್ತು. ಅದನ್ನು ಕಂಡು ನನಗೆ ಸಮಾಧಾನವಾಯಿತು, ಏಕೆಂದರೆ ವಿಚಾರಣೆ ಬಂದರೆ ನನ್ನ ವಹಿ ಸರಿಯಾಗಿತ್ತು. ಮಗುವೊಂದು ನೆಲದ ಮೇಲೆ ಮಲಗಿರುವಾಗ ವಹಿಯನ್ನು ನೆನೆದು ಸಮಾಧಾನಪಟ್ಟುಕೊಂಡ ಆ ಕ್ಷಣ ನನ್ನನ್ನು ಇಂದಿಗೂ ಬಿಟ್ಟಿಲ್ಲ.

ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ನಾಡಿ, ರಕ್ತದೊತ್ತಡ ನೋಡಿ, ರಾತ್ರಿ ಎಷ್ಟು ಹೊತ್ತಿಗೆ ಮಲಗಿದ್ದೆ, ಬೆಳಿಗ್ಗೆ ಏನು ತಿಂದೆ ಎಂದು ಕೇಳಿದರು. ತಿಂದಿದ್ದು ಏನೂ ಇಲ್ಲ. 7:15ರ ಬಸ್ಸಿಗೆ ಒಂದು ಲೋಟ ಟೀ ಕುಡಿದು ಹೊರಟಿದ್ದಳು. ಹಿಮೋಗ್ಲೋಬಿನ್ 8.6 ಇತ್ತು. ಆ ವಯಸ್ಸಿನ ಹುಡುಗಿಗೆ 12 ಇರಬೇಕು. ಅಷ್ಟರಲ್ಲಿ ಓಡಿಬಂದ ಅವಳ ತಾಯಿ ನನ್ನನ್ನು ದೂರಲಿಲ್ಲ, ದೂರಿದ್ದರೆ ಎಷ್ಟೋ ಹಗುರವಾಗುತ್ತಿತ್ತು. “ಹನ್ನೊಂದೂವರೆವರೆಗೂ ಓದ್ತಾಳೆ ಸಾರ್. ನಿಮ್ಮ ಫೋನ್ ಬರೋ ಹೊತ್ತಿಗೆ ಎಚ್ಚರ ಆಗ್ದಿದ್ರೆ ಬೈತೀರ ಅಂತ ಮೂರು ಗಂಟೆಗೇ ಎದ್ದು ಫೋನ್ ಹಿಡ್ಕೊಂಡು ಕೂತಿರ್ತಾಳೆ” ಎಂದರು. ಮೊದಲ ರಿಂಗಿಗೇ ಕರೆ ಎತ್ತುತ್ತಿದ್ದುದರ ಕಾರಣ ನನಗೆ ಆಗ ತಿಳಿಯಿತು.

ಮರುದಿನ ಹತ್ತನೇ ತರಗತಿಯವರಿಗೆಲ್ಲ ಚೀಟಿ ಕೊಟ್ಟು, ಹೆಸರು ಬರೆಯದೆ ನಾಲ್ಕು ವಿಷಯ ಬರೆಯಲು ಹೇಳಿದೆ: ಮಲಗಿದ್ದು ಎಷ್ಟಕ್ಕೆ, ಎದ್ದಿದ್ದು ಎಷ್ಟಕ್ಕೆ, ಬೆಳಿಗ್ಗೆ ತಿಂದಿದ್ದೇನು, ಕೊನೆಯ ಬಾರಿ ಆಟವಾಡಿದ್ದು ಯಾವಾಗ. ಅರ್ಧಕ್ಕಿಂತ ಹೆಚ್ಚು ಮಕ್ಕಳ ನಿದ್ದೆ ಆರು ಗಂಟೆಗಿಂತ ಕಡಿಮೆ ಇತ್ತು. ಬೆಳಗಿನ ತಿಂಡಿಯ ಜಾಗದಲ್ಲಿ ಟೀ, ಟೀ ಮತ್ತು ಬನ್ನು, ಬಸ್ ಸ್ಟ್ಯಾಂಡಿನ ಐದು ರೂಪಾಯಿ ಕುರುಕಲು ಎಂದಿತ್ತು. ಆಟದ ಸಾಲಿನಲ್ಲಿ ಹಲವರು “ದಸರಾ ರಜೆ” ಎಂದು ಬರೆದಿದ್ದರು, ಏಕೆಂದರೆ ರಜೆ ಮುಗಿದ ಮೇಲೆ ಪಿಇ ಪಿರಿಯಡ್ಡುಗಳನ್ನು ಗಣಿತ ಶಿಕ್ಷಕರೂ ನಾನೂ ಹಂಚಿಕೊಂಡಿದ್ದೆವು. ಒಂದು ಚೀಟಿಯಲ್ಲಿ ಹೀಗಿತ್ತು: “ನಿಮ್ಮ ಕಾಲ್ ಬರುತ್ತೆ ಅಂತ ಅಮ್ಮನ ಫೋನ್ ನನ್ನ ಹತ್ರಾನೇ ಇರುತ್ತೆ ಸಾರ್. ಒಂದು ಗಂಟೆವರೆಗೂ ರೀಲ್ಸ್ ನೋಡ್ತೀನಿ.” ಮೊಬೈಲ್ ಗೀಳಿನ ಬಗ್ಗೆ ಪ್ರಾರ್ಥನೆಯ ವೇಳೆ ನಾನು ಎಷ್ಟು ಬಾರಿ ಭಾಷಣ ಮಾಡಿದ್ದೇನೋ ಲೆಕ್ಕವಿಲ್ಲ. ರಾತ್ರಿ ಆ ಫೋನು ಆ ಮಗುವಿನ ದಿಂಬಿನ ಪಕ್ಕಕ್ಕೆ ಬಂದಿದ್ದು ನನ್ನಿಂದಲೇ.

ಇದರಲ್ಲಿ ಯಾವುದೂ ನನಗೆ ತಿಳಿಯದ ವಿಷಯವಲ್ಲ ಎಂಬುದೇ ಹೆಚ್ಚು ನೋವಿನ ಸಂಗತಿ. 13ರಿಂದ 18ರ ವಯಸ್ಸಿನವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಪ್ರೌಢಾವಸ್ಥೆಯಲ್ಲಿ ನಿದ್ದೆ ತರುವ ಹಾರ್ಮೋನಾದ ಮೆಲಟೋನಿನ್ ಸ್ರವಿಸುವ ಹೊತ್ತೇ ಮುಂದಕ್ಕೆ ಸರಿಯುವುದರಿಂದ, ಬೆಳಿಗ್ಗೆ ಬೇಗ ಏಳಬೇಕೆಂದು ಎಂಟು ಗಂಟೆಗೇ ಮಲಗಿಸಿದರೂ ಆ ಮಕ್ಕಳಿಗೆ ನಿದ್ದೆ ಹತ್ತುವುದಿಲ್ಲ. ಅದನ್ನು ಸೋಮಾರಿತನವೆಂದು ಕರೆದವರಲ್ಲಿ ನಾನೂ ಒಬ್ಬ. ಹಗಲು ಓದಿದ್ದು ನೆನಪಿನಲ್ಲಿ ನೆಲೆಗೊಳ್ಳುವುದು ನಿದ್ದೆಯಲ್ಲೇ, ಕನಸು ಕಾಣುವ ನಿದ್ದೆ ಹೆಚ್ಚಾಗಿ ಬರುವುದು ಬೆಳಗಿನ ಜಾವದಲ್ಲಿ, ನನ್ನ ಕರೆ ಹೋಗುತ್ತಿದ್ದುದೂ ಅದೇ ಹೊತ್ತಿಗೆ. ಈ ವಯಸ್ಸಿನವರಿಗೆ ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ದಣಿಯುವ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಾರ್ಮೋನುಗಳ ಪಾಠ ಮಾಡುವ ನಾನು ಇದನ್ನು ಪಾಠವಾಗಿಯೇ ಇಟ್ಟುಕೊಂಡಿದ್ದೆ.

ಮಾತ್ರೆಯ ವಿಷಯವೂ ಹಾಗೆಯೇ. ನೀಲಿ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ಅದನ್ನು ಊಟದ ಬಳಿಕ ನುಂಗಬೇಕು, ಹಿಂದೆ ಮುಂದೆ ಟೀ ಕುಡಿದರೆ ಕಬ್ಬಿಣ ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ಡಿಸೆಂಬರಿನಲ್ಲಿ ಮಧ್ಯಾಹ್ನ ಸರಣಿ ಪರೀಕ್ಷೆಗಳಿದ್ದವೆಂದು ವಿತರಣೆಯನ್ನು ಬೆಳಗಿನ ವಿಶೇಷ ತರಗತಿಯ ಕೊನೆಗೆ ತಂದವನು ನಾನು. ಖಾಲಿ ಹೊಟ್ಟೆಯಲ್ಲಿ ಓಕರಿಕೆ ಬರುತ್ತಿದ್ದುದರಿಂದ ಹೆಣ್ಣುಮಕ್ಕಳು ಮಾತ್ರೆಯನ್ನು ಬಾಯಲ್ಲಿಟ್ಟುಕೊಂಡು ಹೋಗಿ ಕಾಂಪೌಂಡಿನಾಚೆ ಉಗುಳುತ್ತಿದ್ದರು. ವಹಿಯಲ್ಲಿ ಮಾತ್ರ ಎಲ್ಲರ ಮುಂದೆಯೂ ಗುರುತು ಇತ್ತು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019-21) ಪ್ರಕಾರ ದೇಶದಲ್ಲಿ 15ರಿಂದ 19ರ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಸುಮಾರು ಶೇ. 59 ಮಂದಿಗೆ ರಕ್ತಹೀನತೆಯಿದೆ ಎಂದು ಓದಿದಾಗ, ಅದು ಬೇರೆಲ್ಲೋ ಇರುವ ಮಕ್ಕಳ ಲೆಕ್ಕ ಎಂದುಕೊಂಡಿದ್ದೆ.

ಮುಖ್ಯಶಿಕ್ಷಕರೊಂದಿಗೆ ಮಾತನಾಡಿ ಕೆಲವನ್ನಷ್ಟೇ ಬದಲಿಸಲು ಸಾಧ್ಯವಾಯಿತು. ಮಾತ್ರೆ ಮತ್ತೆ ಬಿಸಿಯೂಟದ ನಂತರಕ್ಕೆ ಹೋಯಿತು, ಮಕ್ಕಳು ನಮ್ಮೆದುರೇ ನುಂಗುತ್ತಾರೆ. ಆಟದ ಪಿರಿಯಡ್ಡುಗಳನ್ನು ಪಿಇ ಮೇಷ್ಟ್ರಿಗೆ ಹಿಂದಿರುಗಿಸಿದೆವು. ಶಾಲೆಯಲ್ಲಿ ಕೊಡುವ ಹಾಲನ್ನು ಬೇಗ ಕೊಡೋಣವೆಂದರೆ ಅಡುಗೆಯವರು ಅಷ್ಟು ಮುಂಚೆ ಬರಲಾಗದು ಎಂದರು. ಅವರಿಗೆ ಸಿಗುವ ಗೌರವಧನ ನೋಡಿದರೆ ಅವರನ್ನು ಒತ್ತಾಯಿಸುವುದು ನ್ಯಾಯವಲ್ಲ. ಬೆಳಗಿನ ವಿಶೇಷ ತರಗತಿ ನಿಲ್ಲಲಿಲ್ಲ, ಬಸ್ಸಿನ ಸಮಯವೂ ಬದಲಾಗಲಿಲ್ಲ. ಮಕ್ಕಳು ಡಬ್ಬಿಯಲ್ಲಿ ತಿಂಡಿ ತಂದು ತಿಂದ ಮೇಲೆಯೇ ಪಾಠ ಎಂಬ ಒಂದು ಕಟ್ಟುಪಾಡನ್ನು ನನ್ನ ತರಗತಿಯ ಮಟ್ಟಿಗೆ ತಂದಿದ್ದೇನೆ. ಅದಕ್ಕೆ ಹತ್ತು ನಿಮಿಷ ಹೋಗುತ್ತದೆ. ಆ ಹುಡುಗಿಯ ಹಿಮೋಗ್ಲೋಬಿನ್, ವೈದ್ಯರು ಬರೆದುಕೊಟ್ಟ ಮಾತ್ರೆಗಳಿಂದ, ಮಾರ್ಚಿನ ಹೊತ್ತಿಗೆ 10 ದಾಟಿತ್ತು. ಅವಳು ಪರೀಕ್ಷೆಗಳಿಗೆಲ್ಲ ಹಾಜರಾದಳು.

ಈ ವರ್ಷವೂ ನಮೂನೆ ಬಂದಿದೆ. ಅದರಲ್ಲಿ ಬೆಳಗಿನ ಕರೆಗಳ ಸಂಖ್ಯೆಗೆ ಒಂದು ಕಾಲಂ ಇದೆ, ಮಗು ಎಷ್ಟು ಹೊತ್ತು ಮಲಗಿತು ಎಂಬುದಕ್ಕೆ ಇಲ್ಲ. ನಾನು ಬೆಳಗಿನ ಕಾಲಂನಲ್ಲಿ ಸೊನ್ನೆ ಬರೆದು, ಏಕೆ ಎಂಬುದನ್ನು ಷರಾದಲ್ಲಿ ತಿಳಿಸಿ ಕಳುಹಿಸುತ್ತಿದ್ದೇನೆ. ಕರೆಗಳನ್ನು ರಾತ್ರಿ ಒಂಬತ್ತೂವರೆಗೆ ಮಾಡುತ್ತೇನೆ, ಮಕ್ಕಳಿಗಲ್ಲ, ಅವರ ತಾಯಂದಿರಿಗೆ. ಊಟವಾಯಿತೇ ಎಂದು ಕೇಳಿ, ಹತ್ತು ಗಂಟೆಗೆ ಪುಸ್ತಕ ಮುಚ್ಚಿಸಿ ಫೋನನ್ನು ತಮ್ಮ ಬಳಿಯೇ ಇಟ್ಟುಕೊಳ್ಳಿ ಎಂದು ಹೇಳಿ ಇಡುತ್ತೇನೆ.