ಕೇವಿಯಟ್ ಬಂತು ಅಂದ್ರೆ ಕೇಸ್ ಬಂತು ಅಂತಲ್ಲ

ಶಿರಸಿಯಲ್ಲಿ ಕಾನೂನು ಓದುತ್ತಿರುವ ತಂಗಿ ಮೊನ್ನೆ ಕೇಳಿದಳು, "ಅಣ್ಣಾ, ಡಿಫೆಂಡೆಂಟ್, ಅಕ್ಯೂಸ್ಡ್ ಎರಡೂ ಒಂದೇ ಅಲ್ವಾ?"

ಅಲ್ಲ. ಅಡಿಕೆ ತೋಟದ ಗಡಿ ಜಗಳ ಸಿವಿಲ್ ಕೋರ್ಟಿಗೆ ಹೋದರೆ ದಾವೆ ಹಾಕಿದವನು ಪ್ಲೇಂಟಿಫ್, ಅಂದರೆ ವಾದಿ. ಎದುರಿನವನು ಡಿಫೆಂಡೆಂಟ್, ಪ್ರತಿವಾದಿ. ಅದೇ ಜಗಳದಲ್ಲಿ ಒಬ್ಬ ಕತ್ತಿ ಬೀಸಿ ಪೊಲೀಸ್ ಕೇಸಾದರೆ ಅವನು ಅಕ್ಯೂಸ್ಡ್, ಆರೋಪಿ. ಆರೋಪಿ ಅಂದಮಾತ್ರಕ್ಕೆ ಅಪರಾಧಿ ಅಲ್ಲ. ಇದನ್ನು ಜನ ಮರೆತಾಗ ನನಗೆ ನಿಜಕ್ಕೂ ಬೇಜಾರಾಗುತ್ತದೆ.

ಇನ್ನು ಕೇವಿಯಟ್. ಅಂಚೆಯಲ್ಲಿ ಬಂದರೆ ಮನೆಯವರೆಲ್ಲ ಸುಮ್ನೆ ಹೆದರುತ್ತಾರೆ. ಲ್ಯಾಟಿನ್‌ನಲ್ಲಿ 'ಎಚ್ಚರವಿರಲಿ' ಅಂತ ಅರ್ಥ. ನೀವು ಕೇಸ್ ಹಾಕಬಹುದು ಅಂದುಕೊಂಡ ಎದುರಿನವನು, ನನ್ನ ಮಾತು ಕೇಳದೆ ಆದೇಶ ಕೊಡಬೇಡಿ ಅಂತ ಕೋರ್ಟಿಗೆ ಮೊದಲೇ ಹೇಳಿಡುವುದು, ಅಷ್ಟೇ. ಸಿವಿಲ್ ಪ್ರಕ್ರಿಯಾ ಸಂಹಿತೆಯ 148ಎ ಕಲಂ ಪ್ರಕಾರ ಅದರ ಆಯುಷ್ಯ 90 ದಿನ.